ಪಣ, ಪೈಜು, ಪೈಲವಾನ

ಪಾಲು ಹಾಲಾಯಿತು, ಪೂ ಹೂವಾಯಿತು. ಹಾಗೆಯೇ ಪಣವು ಹಣವಾಯಿತು. ಹಳಗನ್ನಡ ಓದಿದ ವಿದ್ಯಾರ್ಥಿಗೆ ಇದು ಹೊಸ ಮಾತಲ್ಲ. ಆದರೆ ನಾವು ದಿನವೂ ಕಿಸೆಯಲ್ಲಿಟ್ಟುಕೊಂಡು ತಿರುಗುವ ವಸ್ತುವಿಗೆ ದುಡಿಮೆಯ ಹೆಸರು ಬರಲಿಲ್ಲ, ಉಳಿತಾಯದ ಹೆಸರು ಬರಲಿಲ್ಲ, ಒಡ್ಡಿನ ಹೆಸರು ಬಂದಿತೆಂಬುದನ್ನು ಎಷ್ಟು ಜನ ನೆನೆಯುತ್ತಾರೆ? ಸಂಸ್ಕೃತದಲ್ಲಿ ಪಣವೆಂದರೆ ಜೂಜಿನಲ್ಲಿ ಮುಂದಿಟ್ಟದ್ದು. ಅದೇ ಹೆಸರಿನ ನಾಣ್ಯವೂ ಇತ್ತು. ಮೊದಲು ಒಡ್ಡಿದರು, ಆಮೇಲೆ ಎಣಿಸಿದರು ಎಂದು ತೋರುತ್ತದೆ. ಮನುಷ್ಯನ ಸ್ವಭಾವವನ್ನು ನೋಡಿದರೆ ಈ ಕ್ರಮದಲ್ಲಿ ಆಶ್ಚರ್ಯವೇನೂ ಇಲ್ಲ.

ನಮ್ಮೂರು ಜುಗೂಳ. ಹಿಂದೆ ಅಥಣಿ ತಾಲೂಕಿನಲ್ಲಿದ್ದು ಈಗ ಕಾಗವಾಡ ತಾಲೂಕಿಗೆ ಸೇರಿದ, ಕೃಷ್ಣೆಯ ದಂಡೆಯ ಹಳ್ಳಿ. ಹೊಳೆಯ ಆಚೆ ಖಿದ್ರಾಪುರ. ಅಲ್ಲಿ ಕೋಪೇಶ್ವರನ ಗುಡಿ. ಗುಡಿ ಇಂದು ಮಹಾರಾಷ್ಟ್ರಕ್ಕೆ ಸೇರಿದೆ. ಆದರೆ ಅದರ ಶಾಸನಗಳಲ್ಲಿ ಯಾದವ ಸಿಂಘಣನ ಸಂಸ್ಕೃತ ಶಾಸನವೊಂದನ್ನುಳಿದು ಮಿಕ್ಕವು ಕನ್ನಡದವು. ಹೀಗೆ ಆಚೆಯ ದಂಡೆಯ ಕಲ್ಲು ಕನ್ನಡ ನುಡಿಯುತ್ತಿರಲು ಈಚೆಯ ದಂಡೆಯ ನಾಲಗೆ ಅರ್ಧ ಮರಾಠಿಯಾದರೆ ತಪ್ಪೇನು? ಪಣಕ್ಕೆ ನಮ್ಮ ಕಡೆಯಲ್ಲಿ ಪೈಜು ಎನ್ನುತ್ತಾರೆ. ಪಂಥವೆಂದರೂ ತಿಳಿಯುತ್ತದೆ, ಆದರೆ ಅದು ಬಯಲಾಟದಲ್ಲಿ ಕೇಳಿಬರುವ ಮಾತು. ಎತ್ತಿನ ಗಾಡಿಯ ಓಟಕ್ಕೆ ಶರ್ಯತ್ತು ಎಂದು ಹೆಸರು. ಕಚೇರಿಯ ಕಾಗದದಲ್ಲಿ ಷರತ್ತು ಎಂದಾದ ಮಾತಿನ ಬಂಧುವೇ ಇದು. ಕರಾರು, ಪೈಜು, ಓಟ ಮೂರಕ್ಕೂ ಒಂದೇ ಬೇರು ಸಾಲಿತು.

ಹಳ್ಳಿಯ ಪೈಜುಗಳ ವೈವಿಧ್ಯವನ್ನು ಬರೆಯಹೊರಟರೆ ಈ ಪುಟ ಸಾಲದು. ನಾಗರ ಪಂಚಮಿ ಬಂತೆಂದರೆ ನಿಂಬೆಯ ಹಣ್ಣು ಎಸೆಯುವ ಪೈಜು. ಅಗಸೆಯ ಬಾಗಿಲಿನಿಂದ ಇಂತಿಷ್ಟು ಎಸೆತದಲ್ಲಿ ಮುಂದಿನ ಊರಿನ ಗುಡಿಯನ್ನು ಮುಟ್ಟಿಸಬೇಕು. ಸೋತವನು ಕೊಬ್ಬರಿ ಬಟ್ಟಲು ಕೊಡಬೇಕು. ಜೋಳದ ಚೀಲವನ್ನು ಒಬ್ಬನೇ ಬೆನ್ನಿಗೇರಿಸಿ ಹನುಮಪ್ಪನ ಗುಡಿಯನ್ನು ಸುತ್ತುವುದು ಇನ್ನೊಂದು. ಶ್ರಾವಣದಲ್ಲಿ ಹೊಳೆ ಕೆಂಪಾಗಿ ಎರಡು ದಂಡೆಯನ್ನೂ ತಿನ್ನುತ್ತ ಹರಿಯುವಾಗ ಈಸಿ ಖಿದ್ರಾಪುರ ಮುಟ್ಟುವ ಪೈಜು ಕಟ್ಟಿದವರಿದ್ದರೆಂದು ಹಿರಿಯರು ಹೇಳುತ್ತಿದ್ದರು. 2019ರ ಮಹಾಪೂರವನ್ನು ಕಂಡ ಮೇಲೆ ಆ ಮಾತನ್ನು ಕೇಳಿ ನಗುವವರು ಯಾರೂ ಉಳಿದಿಲ್ಲ. ಕಿಲೋಗಟ್ಟಲೆ ಜಿಲೇಬಿ ತಿಂದು ಗೆದ್ದು ಮೂರು ದಿನ ಮಲಗಿದವರನ್ನು ನಾನೇ ಬಲ್ಲೆ.

ಈ ಎಲ್ಲ ಪೈಜುಗಳಿಗೂ ಒಂದು ಗುಣ ಸಮಾನವಾದದ್ದು. ಕಟ್ಟಿದವನೇ ಮಾಡಬೇಕು. ತೋಳು ಅವನದು, ಹೊಟ್ಟೆ ಅವನದು, ಮುಳುಗಿದರೆ ಮುಳುಗುವವನೂ ಅವನೇ. ಹುಚ್ಚುತನವೆನ್ನಬಹುದು, ಅನ್ಯಾಯವೆನ್ನಲಾಗದು. ವಿಷಯ ಜಟಿಲವಾಗುವುದು ಇನ್ನೊಬ್ಬನ ತೋಳಿನ ಮೇಲೆ ನಾವು ಹಣ ಕಟ್ಟತೊಡಗಿದಾಗ.

ಇನ್ನೊಬ್ಬನ ತೋಳು ಎಂದೊಡನೆ ನಮ್ಮ ಸೀಮೆಯವರ ಕಣ್ಣಿಗೆ ಕಟ್ಟುವುದು ಕುಸ್ತಿಯ ಮೈದಾನ. ಕೊಲ್ಹಾಪುರದ ಶಾಹು ಮಹಾರಾಜರು 1902ರಲ್ಲಿ ವಿಲಾಯತಿಗೆ ಹೋದಾಗ ರೋಮಿನ ಹಳೆಯ ವೃತ್ತರಂಗವನ್ನು ಕಂಡು ಬಂದು, ಅದರ ನೆನಪಿನಲ್ಲಿ ಖಾಸಬಾಗ ಮೈದಾನವನ್ನು ಕಟ್ಟಿಸಿದರು. ಅದು 1912ರಲ್ಲಿ ಸಿದ್ಧವಾಯಿತು. ನಡುವೆ ತಗ್ಗಿನಲ್ಲಿ ಕೆಮ್ಮಣ್ಣಿನ ಹೌದೆ. ಸುತ್ತಲೂ ಏರುತ್ತ ಹೋಗುವ ಇಳಿಜಾರಿನಲ್ಲಿ ಸಾವಿರಾರು ಜನ ಕುಳಿತರೂ ಹಿಂದಿನವನಿಗೆ ಮುಂದಿನವನ ತಲೆ ಅಡ್ಡವಾಗದು. ಈ ಮೈದಾನದ ದೆಸೆಯಿಂದ ಚಿಕ್ಕೋಡಿ, ರಾಯಬಾಗ, ಅಥಣಿ, ನಿಪ್ಪಾಣಿಗಳ ಕಡೆಯ ಗಟ್ಟಿ ಹುಡುಗರೆಲ್ಲ ಕೊಲ್ಹಾಪುರದ ತಾಲೀಮುಗಳಿಗೆ ಹೋಗಿ ಬಾದಾಮಿ ಅರೆಯುವುದನ್ನು ಕಲಿತರು. ಆ ಪಟ್ಟಣದ ತಾಲೀಮಿನ ಸಂಘಗಳು ಈಗ ಕುಸ್ತಿಗಿಂತ ಕಾಲ್ಚೆಂಡಿಗೆ ಹೆಸರಾಗಿವೆ. ಪಾಟಾಕಡೀಲ, ದಿಲ್‌ಬಹಾರ, ಖಂಡೋಬಾ ಎಂಬ ಹೆಸರುಗಳು ಶಾಹು ಸ್ಟೇಡಿಯಮ್ಮಿನಲ್ಲಿ ಎದುರುಬದುರಾದಾಗ ಊರಿಗೆ ಊರೇ ಎರಡಾಗುತ್ತದೆ. ಅದು ಬೇರೆಯೇ ಒಂದು ಲೇಖನದ ವಸ್ತು.

ಜಾತ್ರೆಯ ಕುಸ್ತಿಯಲ್ಲಿ ಹುಡುಗರ ರೇವಡಿ ಕುಸ್ತಿಯಿಂದ ಆರಂಭವಾಗಿ ಸಂಜೆಯ ಹೊತ್ತಿಗೆ ಒಂದನೆಯ ನಂಬರಿನ ಜೋಡಿ ಇಳಿಯುತ್ತದೆ. ಹಲಗೆಯ ಸದ್ದು ಬದಲಾಗುತ್ತದೆ. ನಿಕಾಲಿ ಕುಸ್ತಿಯೆಂದರೆ ಒಬ್ಬನ ಎರಡು ಭುಜವೂ ಮಣ್ಣು ಮುಟ್ಟುವ ತನಕ ಬಿಡಿಸುವಂತಿಲ್ಲ. ಇನಾಮು ಊರಿನವರು ವರ್ಗಣಿ ಎತ್ತಿ ಕೊಟ್ಟದ್ದು, ಬಹಿರಂಗವಾದದ್ದು. ಆದರೆ ಇಳಿಜಾರಿನಲ್ಲಿ ಕುಳಿತವರ ನಡುವೆ ಟವೆಲ್ಲಿನ ಅಡಿಯಲ್ಲಿ ಬೆರಳು ಹಿಡಿದು ಆಗುವ ಇನ್ನೊಂದು ವ್ಯವಹಾರವಿದೆ. ದನದ ಸಂತೆಯಲ್ಲಿ ದಲಾಲರು ಬೆಲೆ ಕಟ್ಟುವ ರೀತಿಯೇ ಅದು. ಕೆಳಗೆ ಮಣ್ಣಿನಲ್ಲಿದ್ದವನಿಗೆ ಇದಾವುದೂ ಗೊತ್ತಿರುವುದಿಲ್ಲ.

ಚಿಕ್ಕೋಡಿ ತಾಲೂಕಿನ ಯಕ್ಸಂಬಾದಲ್ಲಿ 1934ರಲ್ಲಿ ಹುಟ್ಟಿದ ಶ್ರೀಪತಿ ಖಂಚನಾಳೆಯವರು 1959ರಲ್ಲಿ ದಿಲ್ಲಿಯಲ್ಲಿ ಪಂಜಾಬಿನ ಬಂತಾಸಿಂಗರನ್ನು ಸೋಲಿಸಿ ಹಿಂದ್ ಕೇಸರಿಯಾದರು. ಮಹಾರಾಷ್ಟ್ರದವರು ಅವರನ್ನು ತಮ್ಮವರೆನ್ನುತ್ತಾರೆ. ಬಾಳಿದ್ದೂ 2020ರ ಡಿಸೆಂಬರಿನಲ್ಲಿ ತೀರಿಕೊಂಡದ್ದೂ ಕೊಲ್ಹಾಪುರದಲ್ಲಿಯೇ. ಯಕ್ಸಂಬಾದವರಿಗೆ ಈ ತರ್ಕವೇ ಬೇಕಿಲ್ಲ. ಹಾಲು ಕುಡಿದದ್ದು ಇಲ್ಲಿಯ ಎಮ್ಮೆಯದು ಎಂದು ಅವರು ವಾದವನ್ನು ಮುಗಿಸುತ್ತಾರೆ. ನಾನು ಹೇಳಹೊರಟದ್ದು ಇಷ್ಟು: ಆ ಪದವಿ ಮತದಿಂದ ಬಂದದ್ದಲ್ಲ. ಎದುರಾಳಿಯನ್ನು ಎಲ್ಲರ ಕಣ್ಣೆದುರಿನಲ್ಲಿ ಗೆದ್ದು ಬಂದದ್ದು. ಆ ಕುಸ್ತಿಯ ಮೇಲೆ ಯಾರಾದರೂ ಪೈಜು ಕಟ್ಟಿದ್ದರೆ ಅವರ ಹಣದ ಗತಿಯನ್ನು ನಿರ್ಣಯಿಸಿದ್ದು ಇಬ್ಬರ ಬಲ, ಇಬ್ಬರ ಡಾವು.

ಇಂಥ ಪೈಜಿನ ವಿಷಯದಲ್ಲಿ ನಮ್ಮ ಹಳೆಯ ಧರ್ಮಶಾಸ್ತ್ರಕಾರರು ಎಷ್ಟು ಸೂಕ್ಷ್ಮವಾಗಿ ಯೋಚಿಸಿದ್ದರೆಂಬುದನ್ನು ನೋಡಿದರೆ ಬೆರಗಾಗುತ್ತದೆ. ಜೂಜನ್ನು ಅವರು ಎರಡಾಗಿ ಒಡೆದರು. ದಾಳ ಮೊದಲಾದ ನಿರ್ಜೀವ ವಸ್ತುಗಳಿಂದ ಆಡುವುದು ದ್ಯೂತ. ಜೀವವಿರುವವುಗಳನ್ನು ಹೋರಾಡಿಸಿ ಅವುಗಳ ಮೇಲೆ ಕಟ್ಟುವುದು ಸಮಾಹ್ವಯ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ನಮ್ಮದೇ ನಾಡಿನ ಕಲ್ಯಾಣದಲ್ಲಿ ಕುಳಿತು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಈ ಎರಡನೆಯದಕ್ಕೆ ಉದಾಹರಣೆ ಕೊಡುವಾಗ ಟಗರನ್ನೂ ಕೋಣವನ್ನೂ ಹೇಳುತ್ತಾನೆ. ಅವುಗಳ ಜೊತೆಗೆ ಮಲ್ಲನನ್ನೂ ಹೇಳುತ್ತಾನೆ. ಟಗರು, ಕೋಣ, ಪೈಲವಾನ: ಒಂದೇ ಸಾಲು. ಮೊದಲ ಸಲ ಓದಿದಾಗ ಇದು ನನಗೆ ಪೈಲವಾನನ ಅವಮಾನವೆಂದು ತೋರಿತ್ತು. ಮತ್ತೆ ಯೋಚಿಸಿದಾಗ, ಅವಮಾನ ಮಾಡಿದವನು ವಿಜ್ಞಾನೇಶ್ವರನಲ್ಲ, ಇಳಿಜಾರಿನಲ್ಲಿ ಕುಳಿತು ಟವೆಲ್ಲು ಹೊದಿಸಿದವನು ಎಂದು ತಿಳಿಯಿತು.

ಅದೇ ಪ್ರಕರಣದಲ್ಲಿ ಜೂಜಿನ ಮನೆಯ ಯಜಮಾನನ ವಿಷಯವೂ ಬರುತ್ತದೆ. ಅವನಿಗೆ ಸಭಿಕನೆಂದು ಹೆಸರು. ಈಗ ನಾವು ಭಾಷಣ ಕೇಳಲು ಬಂದವರನ್ನು ಸಭಿಕರೆನ್ನುತ್ತೇವೆ. ಮಾತಿಗೂ ಒಳ್ಳೆಯ ದಿನ ಬರುತ್ತದೆ. ದೊಡ್ಡ ಪಣ ಗೆದ್ದವನಿಂದ ನೂರಕ್ಕೆ ಐದು, ಇತರರಿಂದ ನೂರಕ್ಕೆ ಹತ್ತು ಸಭಿಕನ ಪಾಲು. ಅದರಲ್ಲಿ ರಾಜನಿಗೆ ಸಲ್ಲಬೇಕಾದದ್ದನ್ನು ಅವನು ಸಲ್ಲಿಸಬೇಕು. ಸೋತವನಿಂದ ವಸೂಲು ಮಾಡಿ ಗೆದ್ದವನಿಗೆ ಕೊಡಿಸಬೇಕು. ಈ ನೂರಕ್ಕೆ ಐದು ಎಂಬ ಅಂಕಿಯನ್ನು ವಾಚಕರು ನೆನಪಿಟ್ಟಿರಬೇಕು; ಮುಂದೆ ಬೇಕಾಗುತ್ತದೆ.

ದ್ಯೂತ, ಸಮಾಹ್ವಯ ಎರಡೂ ಮುಗಿದ ಮೇಲೆ ಶಾಸ್ತ್ರಕಾರರು ಕಾಣದ ಮೂರನೆಯದೊಂದು ಬಂದಿದೆ. ಆಟದ ಮೇಲಲ್ಲ, ಆಟಗಾರನ ಮೇಲೂ ಅಲ್ಲ. ಆಟಗಾರನ ವಿಷಯದಲ್ಲಿ ಬೇರೆ ಕೆಲವರು ಏನೆಂದು ತೀರ್ಮಾನಿಸುವರೆಂಬುದರ ಮೇಲೆ ಕಟ್ಟುವ ಪಣ ಅದು. ಇದರ ತವರು ಅಮೇರಿಕ. ಅಲ್ಲಿಯ ಫುಟ್‌ಬಾಲು ನಮ್ಮದಲ್ಲ. ಚೆಂಡು ಮೊಟ್ಟೆಯಾಕಾರದ್ದು, ಬಹುಮಟ್ಟಿಗೆ ಕೈಯಲ್ಲಿ ಹಿಡಿದೇ ಓಡುತ್ತಾರೆ. ಕಾಲೇಜುಗಳ ಫುಟ್‌ಬಾಲು ಆ ದೇಶದಲ್ಲಿ ಒಂದು ಮತವಿದ್ದಂತೆ. 1935ರಲ್ಲಿ ನ್ಯೂಯಾರ್ಕಿನ ಡೌನ್‌ಟೌನ್ ಅಥ್ಲೆಟಿಕ್ ಕ್ಲಬ್ಬಿನವರು ವರ್ಷದ ಉತ್ತಮ ಆಟಗಾರನಿಗೆ ಕಂಚಿನ ಪ್ರತಿಮೆಯೊಂದನ್ನು ಕೊಡತೊಡಗಿದರು. ಮೊದಲು ಪಡೆದವನು ಶಿಕಾಗೋ ವಿಶ್ವವಿದ್ಯಾಲಯದ ಜೇ ಬರ್ವಾಂಗರ್. ಮರುವರ್ಷ ಕ್ಲಬ್ಬಿನ ಕ್ರೀಡಾ ನಿರ್ದೇಶಕ ಜಾನ್ ಹೈಸ್‌ಮನ್ ತೀರಿಕೊಂಡನು; ಬಹುಮಾನಕ್ಕೆ ಅವನ ಹೆಸರು ಬಂತು. ಇದನ್ನು ನಿರ್ಣಯಿಸುವವರು ದೇಶದ ತುಂಬ ಹರಡಿದ ಎಂಟುನೂರಕ್ಕೂ ಹೆಚ್ಚು ಪತ್ರಕರ್ತರು ಮತ್ತು ಹಿಂದೆ ಅದನ್ನು ಪಡೆದವರು. ಒಬ್ಬೊಬ್ಬರೂ ಮೂರು ಹೆಸರು ಬರೆಯಬೇಕು. ಮೊದಲನೆಯದಕ್ಕೆ 3 ಅಂಕ, ಎರಡನೆಯದಕ್ಕೆ 2, ಮೂರನೆಯದಕ್ಕೆ 1. ಎರಡು ಸಲ ಪಡೆದವನು ಆರ್ಚಿ ಗ್ರಿಫಿನ್ ಒಬ್ಬನೇ, 1974 ಮತ್ತು 1975ರಲ್ಲಿ. 2005ರಲ್ಲಿ ಪಡೆದ ರೆಜಿ ಬುಶ್ ಎಂಬವನು ನಿಯಮ ಮೀರಿ ಕಾಣಿಕೆ ಪಡೆದನೆಂಬ ವಿವಾದದಲ್ಲಿ 2010ರಲ್ಲಿ ಅದನ್ನು ಹಿಂದಿರುಗಿಸಿದ. 2024ರಲ್ಲಿ ಅದು ಮತ್ತೆ ಅವನ ಕೈಸೇರಿತು. 2005ರಲ್ಲಿ ಅವನ ಮೇಲೆ ಹಣ ಕಟ್ಟಿದವನ ಲೆಕ್ಕ ಯಾವ ವರ್ಷ ಚುಕ್ತಾ ಆಯಿತೆನ್ನಬೇಕು?

ಇಂಥ ಪಣವನ್ನು ಕಟ್ಟುವವನು ಆಟವನ್ನು ಬಲ್ಲವನಾಗಿರಬೇಕಾದ್ದಿಲ್ಲ. ಪತ್ರಕರ್ತರ ಮನಸ್ಸನ್ನು ಬಲ್ಲವನಾದರೆ ಸಾಕು. ಅರ್ಥಶಾಸ್ತ್ರಜ್ಞ ಕೇನ್ಸ್ 1936ರ ತನ್ನ ಗ್ರಂಥದಲ್ಲಿ ಶೇರುಪೇಟೆಯನ್ನು ವಿವರಿಸುವಾಗ ಪತ್ರಿಕೆಯ ಒಂದು ಸ್ಪರ್ಧೆಯ ದೃಷ್ಟಾಂತ ಕೊಟ್ಟಿದ್ದಾನೆ. ನೂರು ಮುಖಗಳ ಚಿತ್ರದಲ್ಲಿ ಅತಿ ಸುಂದರವಾದ ಆರನ್ನು ಆರಿಸಬೇಕು. ಎಲ್ಲರ ಸರಾಸರಿ ಆಯ್ಕೆಗೆ ಯಾರದು ಹತ್ತಿರವೋ ಅವರಿಗೆ ಬಹುಮಾನ. ಆಗ ಜಾಣನಾದವನು ತನಗೆ ಸುಂದರವಾಗಿ ಕಂಡದ್ದನ್ನು ಆರಿಸುವುದಿಲ್ಲ, ಇತರರಿಗೆ ಸುಂದರವಾಗಿ ಕಾಣಬಹುದಾದದ್ದನ್ನೂ ಅಲ್ಲ. ಇತರರು ಇತರರ ಅಭಿರುಚಿಯನ್ನು ಹೇಗೆ ಊಹಿಸುವರೆಂದು ಊಹಿಸಿ ಆರಿಸುತ್ತಾನೆ. ಕಡೆಗೆ ಮುಖವನ್ನು ನೋಡುವವನೇ ಇಲ್ಲವಾಗುತ್ತಾನೆ.

ಇದು ಸಾತ ಸಮುದ್ರದಾಚೆಯ ಸಂಗತಿ, ಕೃಷ್ಣೆಯ ದಂಡೆಗೆ ಇದರ ಗೊಡವೆ ಏನೆಂದು ವಾಚಕರು ಕೇಳಬಹುದು. ಕೇಳಿದರೆ ಒಂದು ವರ್ಷದ ಕಥೆಯನ್ನು ಹೇಳಬೇಕಾಗುತ್ತದೆ.

2017ರಲ್ಲಿ ನಾನು ಈಚೆಯ ದಂಡೆಯ ಒಂದು ಕಾಲೇಜಿನಲ್ಲಿ ಕನ್ನಡ ಹೇಳುತ್ತಿದ್ದೆ. ಕಾಲೇಜಿನ ಹೆಸರು ಇಲ್ಲಿ ಬೇಡ. ಫೆಬ್ರುವರಿಯ ಸ್ನೇಹಸಮ್ಮೇಳನದಲ್ಲಿ ವರ್ಷದ ಉತ್ತಮ ಕ್ರೀಡಾಪಟುವಿಗೆ ಒಂದು ಢಾಲು ಕೊಡುವ ಪದ್ಧತಿಯಿತ್ತು. ನಿರ್ಣಯಿಸುವವರು ಮೂವರು, ಅವರಲ್ಲಿ ನಾನೊಬ್ಬ. ಆ ವರ್ಷ ಮೂರು ಹೆಸರು ಮುಂದಿದ್ದವು. ಒಬ್ಬ ಪೈಲವಾನ, ಅಂತರ ಮಹಾವಿದ್ಯಾಲಯದ ಕುಸ್ತಿಯಲ್ಲಿ ಗೆದ್ದು ಬಂದವನು. ಇನ್ನೊಬ್ಬ ಫುಟ್‌ಬಾಲಿನ ಹುಡುಗ, ಕೊಲ್ಹಾಪುರದ ಗಾಳಿ ತಾಗಿದವನು, ನೋಡಲು ಚೆಲುವ. ಅವನು ಚೆಂಡು ಒದ್ದರೆ ಮಹಡಿಯ ವರಾಂಡದಿಂದ ಸಿಳ್ಳು ಬೀಳುತ್ತಿತ್ತು. ಮೂರನೆಯವಳು ಬಿ.ಎ. ಎರಡನೆಯ ವರ್ಷದ ಹುಡುಗಿ, ದೂರದ ಓಟದವಳು. ನಸುಕಿನಲ್ಲಿ ಕಾಲುವೆಯ ಏರಿಯ ಮೇಲೆ ಓಡುತ್ತಿದ್ದುದರಿಂದ ಅವಳ ಅಭ್ಯಾಸವನ್ನು ಕಂಡವರು ಕಬ್ಬಿಗೆ ನೀರು ಬಿಡುವ ರೈತರು ಮಾತ್ರ.

ಹಾಸ್ಟೆಲಿನಲ್ಲಿ ಪೈಜು ಆರಂಭವಾದದ್ದು ಚಹಾದ ಮೇಲೆ. ಚಹಾದಿಂದ ಊಟಕ್ಕೆ, ಊಟದಿಂದ ನೋಟಿಗೆ ಏರಲು ಎಂಟು ದಿನ ಸಾಕಾದವು. ಪೇಟೆಯಲ್ಲಿ ಓಸಿ ಬರೆಯುತ್ತಿದ್ದವನೊಬ್ಬ ಇದನ್ನು ಮೂಸಿ ಬಂದು ವಹಿ ತೆರೆದ. ಓಸಿಯೆಂದರೆ ನಮ್ಮ ಕಡೆ ಮಟ್ಕಾಕ್ಕೆ ಹೆಸರು. ಓಪನ್ ಮತ್ತು ಕ್ಲೋಸ್ ಎಂಬ ಎರಡು ಮಾತಿನ ಮೊದಲ ಅಕ್ಷರಗಳು. ಮುಂಬಯಿಯಲ್ಲಿ ನ್ಯೂಯಾರ್ಕಿನ ಹತ್ತಿಯ ದರದ ಮೇಲೆ ಕಟ್ಟುತ್ತಿದ್ದ ಪಣವೇ 1960ರ ದಶಕದಲ್ಲಿ ಗಡಿಗೆಯಿಂದ ಚೀಟಿ ಎತ್ತುವ ಮಟ್ಕಾ ಆಯಿತೆಂಬುದು ಅದರ ಇತಿಹಾಸ.

ಅವನ ವಹಿಯ ದರ ಹೀಗಿತ್ತು. ಪೈಲವಾನನ ಮೇಲೆ 100 ಕಟ್ಟಿ ಗೆದ್ದರೆ 160 ಕೈಗೆ. ಫುಟ್‌ಬಾಲಿನವನ ಮೇಲಾದರೆ 250. ಹುಡುಗಿಯ ಮೇಲಾದರೆ 500. ಹುಡುಗರ ಕಣ್ಣಿಗೆ ಇದು ಔದಾರ್ಯದಂತೆ ಕಂಡಿತು. ಲೆಕ್ಕವನ್ನು ಬಿಡಿಸಿ ನೋಡೋಣ. ಪೈಲವಾನನ ಮೇಲೆ 625, ಫುಟ್‌ಬಾಲಿನವನ ಮೇಲೆ 400, ಹುಡುಗಿಯ ಮೇಲೆ 200 ರೂಪಾಯಿ ಬಂದವೆನ್ನಿ. ಒಟ್ಟು 1225. ಪೈಲವಾನನೇ ಗೆಲ್ಲಲಿ, ಕೊಡಬೇಕಾದದ್ದು 1000. ಫುಟ್‌ಬಾಲಿನವನು ಗೆದ್ದರೂ 1000. ಹುಡುಗಿ ಗೆದ್ದರೂ 1000. ಯಾರು ಗೆದ್ದರೂ ವಹಿಯವನಿಗೆ 225 ಉಳಿಯಿತು. ಬಂದ ಹಣದಲ್ಲಿ ನೂರಕ್ಕೆ ಹದಿನೆಂಟಕ್ಕೂ ಮೇಲಾಯಿತಲ್ಲವೆ? ಯಾಜ್ಞವಲ್ಕ್ಯನ ಸಭಿಕನು ಇದನ್ನು ಕೇಳಿದ್ದರೆ ನಾಚಿಕೊಳ್ಳುತ್ತಿದ್ದ. ನಾನು ಇದನ್ನು ತರಗತಿಯಲ್ಲಿ ಕರಿಹಲಗೆಯ ಮೇಲೆ ಬರೆದು ತೋರಿಸಿದೆ. ಹುಡುಗರು ಶ್ರದ್ಧೆಯಿಂದ ಬರೆದುಕೊಂಡರು. ಸಂಜೆ ಹೋಗಿ ಮತ್ತೆ ಕಟ್ಟಿದರು. ಸೋಲುವವನು ತಾನಲ್ಲ, ಪಕ್ಕದವನು ಎಂಬ ನಂಬಿಕೆಯನ್ನು ಗಣಿತ ಅಲುಗಿಸಲಾರದು.

ಸಮ್ಮೇಳನಕ್ಕೆ ನಾಲ್ಕು ದಿನವಿರುವಾಗ ನಮ್ಮೂರಿನ ಹುಡುಗನೊಬ್ಬ ರಾತ್ರಿ ಮನೆಗೆ ಬಂದ. ತಂದೆ ಕಬ್ಬು ಕಡಿಯುವ ಟೋಳಿಯಲ್ಲಿ ಇದ್ದವರು. ಹೊಸ್ತಿಲ ಹೊರಗೇ ನಿಂತು, "ಸರ್, ಪೈಲವಾನಗ ಬರದೀರೇನ್ರಿ? ಹೂಂ ಅನ್ರಿ, ಇಲ್ಲ ಊಂಹೂಂ ಅನ್ರಿ. ಮತ್ತೇನೂ ಕೇಳೂದುಲ್ಲ" ಎಂದ. ಖಾನಾವಳಿಗೆಂದು ತಂದೆ ಕಳಿಸಿದ ಎರಡು ತಿಂಗಳ ಹಣ, ಮೂರು ಸಾವಿರ ರೂಪಾಯಿ, ಪೈಲವಾನನ ಮೇಲೆ ಹೋಗಿತ್ತು. ಒಳಗೆ ಕರೆದು ಊಟಕ್ಕೆ ಕುಳ್ಳಿರಿಸಿದೆ. ಹೂಂ ಎಂದೂ ಅನ್ನಲಿಲ್ಲ, ಊಂಹೂಂ ಎಂದೂ ಅನ್ನಲಿಲ್ಲ. ಅವನು ಊಟ ಮಾಡುವಾಗ ನನ್ನ ಮುಖವನ್ನು ನೋಡಿದ ರೀತಿ ಇಂದಿಗೂ ನೆನಪಿದೆ. ಎಕ್ಕದ ಗಿಡದ ಮೇಲೆ ಓತಿಕೇತವನ್ನು ನೋಡುವಂತೆ, ಯಾವ ಕಡೆ ಕತ್ತು ಆಡಿಸೀತು ಎಂದು. ಮತದ ಮೇಲೆ ಪಣ ಬಿದ್ದಾಗ ಮತ ಕೊಡುವವನ ಮುಖವೇ ದಾಳವಾಗುತ್ತದೆ. ನನ್ನ ಜೊತೆಯ ನಿರ್ಣಾಯಕರಲ್ಲೊಬ್ಬರ ಮನೆಗೆ ಆ ವಾರದಲ್ಲಿಯೇ ಎರಡು ಕಿಲೋ ಪೇಢೆ ಬಂದಿತ್ತು. ತಂದವನ ಹೆಸರು ಡಬ್ಬಿಯ ಮೇಲೆ ಇರಲಿಲ್ಲ. ಅವರು ಅದನ್ನು ಹಾಸ್ಟೆಲಿನ ಹುಡುಗರಿಗೇ ಹಂಚಿಸಿಬಿಟ್ಟರು.

ಮರುದಿನ ಪೈಲವಾನನೇ ಬಂದ. ಆರಡಿಯ ಆಳು ಬಾಗಿಲಲ್ಲಿ ಕುಗ್ಗಿ ನಿಂತಿದ್ದ.

"ನನ್ನ ಹೆಸರ ತಗದಬಿಡ್ರಿ, ಸರ್."

"ಯಾಕೋ?"

"ಢಾಲು ಬಂದ್ರ ಮಾಸ್ತರ ರೊಕ್ಕ ತಿಂದಾರ ಅಂತಾರ. ಬರಲಿಲ್ಲಂದ್ರ ನಾನ ರೊಕ್ಕ ತಿಂದೀನಿ ಅಂತಾರ. ನಾ ಮಣ್ಣಾಗ ಇಳದಾಗ ಹಿಂಗ ಯಾರೂ ಅಂದಿಲ್ರಿ. ಹೌದೆಯೊಳಗ ನನ್ನ ಕೈಯಾಗರ ಏನಾರ ಇತ್ತು."

ಸಭಾಪರ್ವವನ್ನು ಎಷ್ಟೋ ವರ್ಷ ಪಾಠ ಹೇಳಿದ್ದೇನೆ. ತನ್ನನ್ನೇ ಸೋತವನು ಇನ್ನೊಬ್ಬರನ್ನು ಒಡ್ಡಲು ಅಧಿಕಾರವೆಲ್ಲಿಯದು ಎಂದು ದ್ರೌಪದಿ ಕೇಳುವ ಪ್ರಶ್ನೆಗೆ ಭೀಷ್ಮನಂಥವನೇ ತಡವರಿಸಿದ್ದನ್ನು ವರ್ಣಿಸಿದ್ದೇನೆ. ಒಡ್ಡಿಗೆ ಬಿದ್ದವರು ಬಾಯಿಬಿಟ್ಟರೆ ಹೇಗಿರುತ್ತದೆಂಬುದನ್ನು ಮಾತ್ರ ಆ ಬಾಗಿಲಲ್ಲಿ ಕೇಳಿದೆ. ಹೆಸರನ್ನು ತೆಗೆಯಲಾಗದೆಂದು ಹೇಳಿದೆ. ಯಾಕೆಂದರೆ ಹಾಗೆ ತೆಗೆದರೆ ಓಸಿಯವನ ವಹಿಯೇ ನಮ್ಮ ನಿರ್ಣಯವನ್ನು ಬರೆದಂತೆ ಆಗುತ್ತಿತ್ತು. ಅವನು ಒಪ್ಪಿದನೋ ಇಲ್ಲವೋ, ಕಾಲು ಮುಟ್ಟಿ ನಮಸ್ಕರಿಸಿ ಹೋದ.

ನಾವು ಮೂವರೂ ಅದಕ್ಕೆ ಮೊದಲೇ ಚೀಟಿ ಬರೆದು ಲಕೋಟೆಗೆ ಅರಗು ಹಚ್ಚಿಯಾಗಿತ್ತು. ಢಾಲು ಓಟದ ಹುಡುಗಿಗೆ ಬಂತು. ವಿಶ್ವವಿದ್ಯಾಲಯದ ಮಟ್ಟದಲ್ಲಿ ಆ ವರ್ಷ ಎರಡು ಪದಕ ತಂದವಳು ಅವಳೊಬ್ಬಳೇ; ವರಾಂಡದ ಸಿಳ್ಳಿಗೆ ಕಿವಿಗೊಡದೆ ಕಾಗದವನ್ನು ನೋಡಿದವರಿಗೆ ಬೇರೆ ಹೆಸರು ತೋಚುವಂತಿರಲಿಲ್ಲ. ಸಭೆಯಲ್ಲಿ ಅರೆಗಳಿಗೆ ಮೌನ. ಆಮೇಲೆ ಹುಡುಗಿಯರ ಸಾಲಿನಿಂದ ಚಪ್ಪಾಳೆ ಎದ್ದು ಹಿಂದಕ್ಕೆ ಹಬ್ಬಿತು. ಮೊದಲು ಎದ್ದು ನಿಂತು ಚಪ್ಪಾಳೆ ತಟ್ಟಿದ ಗಂಡುಹುಡುಗ ಪೈಲವಾನ. ಅವನ ಮುಖದಲ್ಲಿ ಕಂಡದ್ದು ಸೋಲಲ್ಲ, ಬಿಡುಗಡೆ.

ವಹಿಯವನಿಗೆ 225ರ ಲೆಕ್ಕವೂ ಬೇಕಾಗಲಿಲ್ಲ. ಹುಡುಗಿಯ ಮೇಲೆ ಹಾಸ್ಟೆಲಿನಲ್ಲಿ ಒಬ್ಬನೂ ಕಟ್ಟಿರಲಿಲ್ಲವಾದ್ದರಿಂದ ಬಂದದ್ದೆಲ್ಲ ಅವನದಾಯಿತು. ಎಂಟು ದಿನದ ಮೇಲೆ ಆ ಹುಡುಗಿ ಗ್ರಂಥಾಲಯದಲ್ಲಿ ಸಿಕ್ಕಾಗ, "ಸರ್, ನನ್ನ ಮ್ಯಾಲ ಒಬ್ಬರೂ ರೊಕ್ಕ ಹಚ್ಚಿರಲಿಲ್ಲಂತ, ಖರೇನ್ರಿ?" ಎಂದು ಕೇಳಿದಳು. ಖರೆ ಎಂದೆ. ಅವಳು ಸ್ವಲ್ಪ ಹೊತ್ತು ಪುಸ್ತಕದ ರಟ್ಟನ್ನು ನೋಡುತ್ತ ನಿಂತು, "ಚಲೋ ಆತ ಬಿಡ್ರಿ" ಎಂದಳು. ಆ ಮಾತಿನಲ್ಲಿ ನೋವೆಷ್ಟು, ನೆಮ್ಮದಿ ಎಷ್ಟು ಎಂದು ತೂಗಿ ಹೇಳಲು ನನಗೆ ತಕ್ಕಡಿಯಿಲ್ಲ.

ಮೂರು ಸಾವಿರ ಕಳೆದುಕೊಂಡ ಹುಡುಗ ನಾಲ್ಕು ದಿನ ಊಟದ ಹೊತ್ತಿಗೆ ಎಲ್ಲಿಯೋ ತಿರುಗಿದ. ಖಾನಾವಳಿಯ ಮುದುಕಿ ಐದನೆಯ ದಿನ ಅವನನ್ನು ಬಸ್ ಸ್ಟ್ಯಾಂಡಿನಿಂದ ಹಿಡಿದು ತರಿಸಿ ಎರಡು ರೊಟ್ಟಿ ಹೆಚ್ಚಾಗಿಯೇ ಹಾಕಿ, "ವಹಿದಾಗ ಬರದೀನಿ. ನೌಕರಿ ಹಿಡದು ಕೊಡು" ಎಂದಳಂತೆ. ಅವನು 2021ರಲ್ಲಿ ಕೊಟ್ಟ. ಬಡ್ಡಿ ತೆಗೆದುಕೊಳ್ಳಲಿಲ್ಲವೆಂದು ಅವನೇ ನನಗೆ ಹೇಳಿದ್ದು.

ಕಾನೂನು ಏನನ್ನುತ್ತದೆ? ನಮ್ಮ ಜಿಲ್ಲೆ 1956ರ ನವೆಂಬರಿನ ವರೆಗೆ ಮುಂಬಯಿಯ ಆಡಳಿತದಲ್ಲಿತ್ತು. ಜೂಜಿಗೆ 1887ರ ಮುಂಬಯಿ ಕಾಯದೆ ಅನ್ವಯಿಸುತ್ತಿತ್ತು. ಆಮೇಲೆ 1963ರ ಪೋಲೀಸು ಕಾಯದೆ ಬಂತು. 1872ರ ಕರಾರು ಕಾಯದೆಯ 30ನೆಯ ಕಲಮಿನ ಪ್ರಕಾರ ಪಣದ ಕರಾರು ಶೂನ್ಯ; ಗೆದ್ದವನು ಕೋರ್ಟಿಗೆ ಹೋಗಿ ವಸೂಲು ಮಾಡಲಾರ. ಕುದುರೆಯ ಓಟದಲ್ಲಿ ಗೆದ್ದವನಿಗೆಂದು 500 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಬಹುಮಾನಕ್ಕೆ ಕೂಡಿಸುವ ವಂತಿಗೆಯನ್ನು ಮಾತ್ರ ಆ ಕಲಮು ಬದಿಗಿಟ್ಟಿದೆ. ಸಾಹೇಬರ ಕುದುರೆಗೆ ಸಿಕ್ಕ ಮರ್ಯಾದೆ ನಮ್ಮ ಟಗರಿಗೆ ಸಿಗಲಿಲ್ಲ. 2021ರಲ್ಲಿ ಕರ್ನಾಟಕ ಸರ್ಕಾರ ಅಂತರ್ಜಾಲದ ಪಣಗಳನ್ನು ನಿಷೇಧಿಸಲು ಪೋಲೀಸು ಕಾಯದೆಯನ್ನು ತಿದ್ದಿತು. 2022ರ ಫೆಬ್ರುವರಿಯಲ್ಲಿ ಉಚ್ಚ ನ್ಯಾಯಾಲಯ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಗೊಳಿಸಿತು. 2025ರಲ್ಲಿ ಕೇಂದ್ರವೇ ಅಂತರ್ಜಾಲದಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸುವ ಕಾಯದೆ ತಂದಿದೆ. ಅತ್ತ ಅಮೇರಿಕದಲ್ಲಿ ಗಾಳಿ ಬೀಸಿದ್ದು ಇದಕ್ಕೆ ವಿರುದ್ಧವಾಗಿ. ಕ್ರೀಡೆಯ ಮೇಲಿನ ಪಣವನ್ನು ತಡೆದಿದ್ದ 1992ರ ಕಾಯದೆಯನ್ನು ಅಲ್ಲಿಯ ಸುಪ್ರೀಂ ಕೋರ್ಟು 2018ರಲ್ಲಿ ತಳ್ಳಿಹಾಕಿತು. ರಾಜ್ಯದ ಮೇಲೆ ರಾಜ್ಯ ಬಾಗಿಲು ತೆರೆಯಿತು. 2024ರ ಮಾರ್ಚಿನಲ್ಲಿ ಅಲ್ಲಿಯ ಕಾಲೇಜು ಕ್ರೀಡಾ ಸಂಸ್ಥೆಯ ಅಧ್ಯಕ್ಷನು, ವಿದ್ಯಾರ್ಥಿ ಆಟಗಾರರ ಒಬ್ಬೊಬ್ಬರ ಆಟದ ಮೇಲೆ ಕಟ್ಟುವ ಪಣವನ್ನಾದರೂ ನಿಲ್ಲಿಸಿರೆಂದು ರಾಜ್ಯಗಳನ್ನು ಬೇಡಿಕೊಂಡ. ಆ ಬೇಡಿಕೆಯ ಸುದ್ದಿಯನ್ನು ಓದುವಾಗ ನಮ್ಮ ಪೈಲವಾನ ಬಾಗಿಲಲ್ಲಿ ನಿಂತದ್ದು ನೆನಪಾಯಿತು.

ಕೊಲ್ಹಾಪುರದ ರಾಜಾರಾಮ ಕಾಲೇಜಿನ ಒಂದು ಸಂಗತಿಯನ್ನು ಹೇಳದೆ ಈ ಪ್ರಸಂಗ ಪೂರ್ತಿಯಾಗದು. ಕರಾಡದ ಹತ್ತಿರದ ಗೋಳೇಶ್ವರದ ಖಾಶಾಬಾ ಜಾಧವ ಎಂಬ ಹುಡುಗ ಆ ಕಾಲೇಜಿಗೆ ಓದಲು ಬಂದಾಗ, ಇಷ್ಟು ಕುಳ್ಳನಾದವನು ಕುಸ್ತಿ ಏನು ಆಡುವನೆಂದು ಕ್ರೀಡಾ ಶಿಕ್ಷಕರು ವಾರ್ಷಿಕ ಸ್ಪರ್ಧೆಗೆ ಅವನ ಹೆಸರನ್ನು ಬರೆದುಕೊಳ್ಳಲಿಲ್ಲ. ಹುಡುಗ ಪ್ರಿನ್ಸಿಪಾಲ ಖರ್ಡೇಕರರ ಬಳಿ ಹೋದ; ಅವರು ಬಿಟ್ಟರು. ತನಗಿಂತ ದೊಡ್ಡವರನ್ನು ಕೆಡವಿ ತೋರಿಸಿದ. 1948ರ ಲಂಡನ್ ಒಲಿಂಪಿಕ್ಸಿಗೆ ಕೊಲ್ಹಾಪುರದ ಮಹಾರಾಜರ ನೆರವಿನಿಂದ ಹೋಗಿ ಆರನೆಯವನಾಗಿ ಬಂದ. ನಾಲ್ಕು ವರ್ಷದ ಮೇಲೆ ಹೆಲ್ಸಿಂಕಿಗೆ ಹೋಗಲು ಹಣವಿರಲಿಲ್ಲ. ಊರವರು ಮನೆಮನೆಗೆ ತಿರುಗಿ ಕೂಡಿಸಿದ್ದು ಸಾಲಲಿಲ್ಲ. ಆಗ ಖರ್ಡೇಕರರು ತಮ್ಮ ಮನೆಯನ್ನು ಒತ್ತೆಯಿಟ್ಟು 7000 ರೂಪಾಯಿ ತಂದುಕೊಟ್ಟರು.

ಆ ಮನೆಗೆ ಯಾವ ದರವನ್ನೂ ಯಾವ ವಹಿಯವನೂ ಬರೆದಿರಲಿಲ್ಲ. ಹುಡುಗ ಗೆದ್ದರೆ ಪ್ರಿನ್ಸಿಪಾಲರಿಗೆ 160 ಬರುವಂತಿರಲಿಲ್ಲ, 500 ಬರುವಂತಿರಲಿಲ್ಲ. ಸೋತರೆ ಮಾತ್ರ ಮನೆ ಹೋಗುವಂತಿತ್ತು. 1952ರ ಜುಲೈಯಲ್ಲಿ ಜಾಧವನು ಬಾಂಟಮ್ ತೂಕದ ಕುಸ್ತಿಯಲ್ಲಿ ಕಂಚಿನ ಪದಕ ಗೆದ್ದ. ಸ್ವತಂತ್ರ ಭಾರತಕ್ಕೆ ಒಬ್ಬನೇ ಒಬ್ಬ ಆಟಗಾರ ತಂದ ಮೊದಲ ಒಲಿಂಪಿಕ್ ಪದಕ ಅದು. ಕರಾಡದ ನಿಲ್ದಾಣದಿಂದ ನೂರಕ್ಕೂ ಹೆಚ್ಚು ಎತ್ತಿನ ಗಾಡಿಗಳು ಅವನನ್ನು ಮೆರವಣಿಗೆಯಲ್ಲಿ ಊರಿಗೆ ಒಯ್ದವು. ಪ್ರಶಸ್ತಿ ಕೊಡುವವರ ಮನಸ್ಸು ಮಾತ್ರ ಅಷ್ಟು ಬೇಗ ಕರಗಲಿಲ್ಲ. ಜಾಧವನು 1984ರಲ್ಲಿ ಅಪಘಾತದಲ್ಲಿ ತೀರಿಕೊಂಡ. ಅರ್ಜುನ ಪ್ರಶಸ್ತಿ ಬಂದದ್ದು 2000ದಲ್ಲಿ, ಅವನು ಹೋಗಿ ಹದಿನಾರು ವರ್ಷದ ಮೇಲೆ.

ಹೆಲ್ಸಿಂಕಿಯಿಂದ ಬಂದ ಮೇಲೆ ಅವನು ಮೊದಲು ಮಾಡಿದ ಕೆಲಸಗಳಲ್ಲಿ ಒಂದು ಕುಸ್ತಿಯ ಮೈದಾನ ಏರ್ಪಡಿಸಿ ತಾನೂ ಇಳಿದದ್ದು. ಅಲ್ಲಿ ಕೂಡಿದ ಹಣದಿಂದ ಖರ್ಡೇಕರರ ಮನೆಯನ್ನು ಒತ್ತೆಯಿಂದ ಬಿಡಿಸಿಕೊಟ್ಟ.